ತಿಕೋಟಾದ ಮನೂಕದೊಳಗೆ ನೊಬೆಲ್ ರಸಾಯನ

ಹಳೆಯ ಮನೂಕ ಬಾಯಿಗೆ ಹಾಕಿಕೊಂಡಾಗ ಒಮ್ಮೊಮ್ಮೆ ಹಲ್ಲಿಗೆ ಏನೋ ಗರಗರ ಸಿಗುತ್ತದೆ. ಉಸುಕು ಸೇರಿದೆ ಎಂದು ಉಗುಳುವವರಿದ್ದಾರೆ. ಅದು ಉಸುಕಲ್ಲ, ಸಕ್ಕರೆಯ ಹರಳು. ಹೆಚ್ಚಿನ ಪಾಲು ಗ್ಲುಕೋಸ್, ಜೊತೆಗೆ ಒಂದಿಷ್ಟು ಟಾರ್ಟಾರಿಕ್ ಆಮ್ಲದ ಲವಣ. ಬರ್ಲಿನ್ನಿನ ಆಂಡ್ರಿಯಾಸ್ ಮಾರ್ಗ್ರಾಫ್ 1747ರಲ್ಲಿ ಗ್ಲುಕೋಸನ್ನು ಮೊಟ್ಟಮೊದಲು ಬೇರ್ಪಡಿಸಿದ್ದೂ ಒಣದ್ರಾಕ್ಷಿಯಿಂದಲೇ. ಆ ಸಕ್ಕರೆಯ ಒಳರಚನೆ ಹೇಗಿದೆ ಎಂದು ತಿಳಿಯಲು ಮುಂದೆ ಸುಮಾರು ಒಂದೂವರೆ ಶತಮಾನ ಬೇಕಾಯಿತು. ತಿಳಿಸಿದವನಿಗೆ 1902ರ ನೊಬೆಲ್ ಸಿಕ್ಕಿತು.

ವಿಜಯಪುರದ ಪಿಯು ಮಕ್ಕಳು ಸ್ಪರ್ಧಾತ್ಮಕ ಪರೀಕ್ಷೆಗೆಂದು ಈ ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ: 1901 ವಾಂಟ್ ಹಾಫ್, 1902 ಫಿಷರ್, 1903 ಅರೇನಿಯಸ್... ಹೆಸರಿನ ಮುಂದೆ ಇಸವಿ, ಇಸವಿಯ ಮುಂದೆ ಒಂದು ಸಾಲಿನ ಸಾಧನೆ. ಅದೇ ಮಕ್ಕಳಲ್ಲಿ ಹಲವರ ಮನೆಯಲ್ಲಿ ದ್ರಾಕ್ಷಿ ಪಡವಿದೆ. ಅಥಣಿ ರಸ್ತೆ ಹಿಡಿದು ತಿಕೋಟಾ, ಬಾಬಾನಗರ, ಬಿಜ್ಜರಗಿ, ಕನಮಡಿ ಕಡೆ ಹೋದರೂ, ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರದ ಕಡೆ ಹೊರಳಿದರೂ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಣುವುದು ಹಸಿರು ಬಲೆ ಹೊದ್ದ ಶೆಡ್‌ಗಳು, ಅವುಗಳ ಒಳಗೆ ಅಂತಸ್ತು ಅಂತಸ್ತಾಗಿ ರ‍್ಯಾಕ್, ರ‍್ಯಾಕಿನ ಮೇಲೆ ಒಣಗುತ್ತಿರುವ ದ್ರಾಕ್ಷಿ. ಪಟ್ಟಿಯ ಮೊದಲ ಇಪ್ಪತ್ತು ವರ್ಷದ ಹೆಸರುಗಳಲ್ಲಿ ಅರ್ಧದಷ್ಟು ಇಲ್ಲೇ ದುಡಿಯುತ್ತಿವೆ. ಇನ್ನೂ ಮೋಜಿನ ಸಂಗತಿಯೆಂದರೆ, ರಸಾಯನಶಾಸ್ತ್ರ ದ್ರಾಕ್ಷಿಗೆ ಕೊಟ್ಟಿದ್ದಕ್ಕಿಂತ ಮೊದಲು ದ್ರಾಕ್ಷಿಯಿಂದ ಪಡೆದದ್ದೇ ಬಹಳ.

ಫಿಷರನಿಂದ ಶುರು ಮಾಡೋಣ. ಗ್ಲುಕೋಸಿನಲ್ಲಿ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ ಇವೆ ಎಂಬುದು ಆಗಲೇ ಗೊತ್ತಿತ್ತು. ಆದರೆ ಅಷ್ಟೇ ಪರಮಾಣುಗಳನ್ನು ಅದೇ ಸರಪಳಿಯಲ್ಲಿ ಎಡಕ್ಕೊಂದು ಬಲಕ್ಕೊಂದು ತಿರುಗಿಸಿ ಜೋಡಿಸಿದರೆ 16 ಬೇರೆ ಬೇರೆ ಸಕ್ಕರೆಗಳಾಗುತ್ತವೆ. ದ್ರಾಕ್ಷಿಯಲ್ಲಿರುವುದು ಈ ಹದಿನಾರರಲ್ಲಿ ಯಾವುದು? ಪರಮಾಣುಗಳ ಜೋಡಣೆಯನ್ನು ನೇರವಾಗಿ ತೋರಿಸುವ ಕ್ಷಕಿರಣ ಯಂತ್ರ ಆ ಕಾಲದಲ್ಲಿ ಇರಲಿಲ್ಲ. ಎಮಿಲ್ ಫಿಷರ್ ಬಳಿ ಇದ್ದದ್ದು 1875ರಲ್ಲಿ ತಾನೇ ಕಂಡುಹಿಡಿದ ಫಿನೈಲ್‌ಹೈಡ್ರಜಿನ್ ಎಂಬ ದ್ರವ. ಪಾಕದಂತೆ ಅಂಟಂಟಾಗಿ, ಹರಳುಗಟ್ಟದೆ ಸತಾಯಿಸುವ ಸಕ್ಕರೆಗಳು ಇದರ ಜೊತೆ ಸೇರಿದರೆ ಚೆಂದದ ಹಳದಿ ಹರಳಾಗುತ್ತವೆ. ಯಾವ ಸಕ್ಕರೆ ಯಾವುದರ ಹರಳನ್ನೇ ಕೊಡುತ್ತದೆ, ಯಾವುದು ಬೇರೆಯದನ್ನು ಕೊಡುತ್ತದೆ ಎಂದು ಹೋಲಿಸುತ್ತ, ಆಗದ್ದನ್ನು ತೆಗೆದುಹಾಕುತ್ತ ಹೋಗಿ 1891ರಲ್ಲಿ ಉತ್ತರ ಹೇಳಿದ. ಬರೀ ತರ್ಕದಿಂದ ಕಾಣದ್ದನ್ನು ಕಂಡ ಇಂಥ ಇನ್ನೊಂದು ಉದಾಹರಣೆ ವಿಜ್ಞಾನದಲ್ಲಿ ಸುಲಭಕ್ಕೆ ಸಿಗದು. ಆ ದ್ರವದ ವಿಷ ಮಾತ್ರ ಅವನ ಮೈಗೆ ಹತ್ತಿ ವರ್ಷಗಟ್ಟಲೆ ಕಾಡಿತು.

ಇಂದು ಪಡದಲ್ಲಿ ನಿಂತ ರೈತ ಒಂದು ಹನಿ ರಸವನ್ನು ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಹಾಕಿ, ಬೆಳಕಿಗೆ ಹಿಡಿದು, 'ಇಪ್ಪತ್ತೆರಡು ಬಂದೈತಿ, ಕಟಾವ್ ಮಾಡಾಕ ಅಡ್ಡಿಯಿಲ್ಲ' ಅನ್ನುತ್ತಾನೆ. ಆ ಇಪ್ಪತ್ತೆರಡರಲ್ಲಿ ಗ್ಲುಕೋಸ್ ಮತ್ತು ಫ್ರಕ್ಟೋಸ್ ಹೆಚ್ಚುಕಡಿಮೆ ಸಮಪಾಲು. ಬ್ರಿಕ್ಸ್ ಕಡಿಮೆ ಇದ್ದಾಗ ಅವಸರ ಮಾಡಿ ಕೊಯ್ದರೆ ನಷ್ಟ ನೇರ ತೂಕದಲ್ಲೇ. 4 ಕೆ.ಜಿ. ಹಸಿ ದ್ರಾಕ್ಷಿಗೆ ಸುಮಾರು 1 ಕೆ.ಜಿ. ಮನೂಕ ಎಂಬ ಲೆಕ್ಕ ನಿಂತಿರುವುದು ಸಕ್ಕರೆಯ ಮೇಲೆ. ನೀರು ಹೇಗೂ ಹಾರಿಹೋಗುತ್ತದೆ, ರ‍್ಯಾಕಿನಲ್ಲಿ ಉಳಿಯುವುದು ಸಕ್ಕರೆ.

ಆ ಹದಿನಾರರ ಲೆಕ್ಕ ಫಿಷರನಿಗೆ ಬಂದದ್ದು ಯಾಕೋಬಸ್ ವಾಂಟ್ ಹಾಫನಿಂದ. ವಾಂಟ್ ಹಾಫನಿಗೆ ಆ ವಿಚಾರ ಹೊಳೆಯಲು ಕಾರಣವಾದ ವಸ್ತುಗಳಲ್ಲಿ ಮುಖ್ಯವಾದದ್ದು ಮತ್ತೆ ದ್ರಾಕ್ಷಿಯದೇ. ವೈನ್ ತಯಾರಿಕೆಯಲ್ಲಿ ಸಿಕ್ಕ ಟಾರ್ಟಾರಿಕ್ ಆಮ್ಲದ ಒಂದು ಬಗೆಯ ಲವಣವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಹರಳುಗಳಲ್ಲಿ ಎಡಗೈ ಬಲಗೈಯಂತೆ ಎರಡು ಬಗೆ ಇವೆ ಎಂದು ಲೂಯಿ ಪಾಸ್ಚರ್ 1848ರಲ್ಲೇ ಆರಿಸಿ ತೋರಿಸಿದ್ದ. ಹಾಗೇಕೆ ಎಂದು 1874ರಲ್ಲಿ ವಿವರಿಸಿದವನು 22ರ ಹುಡುಗ ವಾಂಟ್ ಹಾಫ್. ಕಾರ್ಬನ್ನಿನ ನಾಲ್ಕು ಕೈಗಳು ಒಂದೇ ಸಮತಟ್ಟಿನಲ್ಲಿ ಚಾಚಿಲ್ಲ, ನಾಲ್ಕು ದಿಕ್ಕಿಗೆ ಚಾಚಿವೆ ಎಂದ. ಆಗ ಅವನು ಇನ್ನೂ ಹೆಸರಿಲ್ಲದವನು. ಮುಂದೆ ಉಟ್ರೆಕ್ಟಿನ ಪಶುವೈದ್ಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಜರ್ಮನಿಯ ದೊಡ್ಡ ಪ್ರೊಫೆಸರ್ ಹರ್ಮನ್ ಕೋಲ್ಬೆ ಅವನನ್ನು ಕುದುರೆ ಡಾಕ್ಟರರ ಶಾಲೆಯವನೆಂದು ಅಚ್ಚಿನಲ್ಲೇ ಹೀಯಾಳಿಸಿದ. ರಸಾಯನಶಾಸ್ತ್ರದ ಮೊದಲ ನೊಬೆಲ್ ಬಂದದ್ದು ಕುದುರೆ ಡಾಕ್ಟರರ ಶಾಲೆಯವನಿಗೇ. ಕೋಲ್ಬೆ ಅದನ್ನು ನೋಡಲು ಇರಲಿಲ್ಲ.

ಆದರೆ ಆ ನೊಬೆಲ್ ಕಾರ್ಬನ್ನಿನ ಕೈಗಳಿಗೆ ಕೊಟ್ಟದ್ದಲ್ಲ, ರಾಸಾಯನಿಕ ಕ್ರಿಯೆಗಳ ಗತಿಯ ನಿಯಮಗಳಿಗೆ ಮತ್ತು ದ್ರಾವಣಗಳ ಪರಾಸರಣ ಒತ್ತಡಕ್ಕೆ ಕೊಟ್ಟದ್ದು. ಈ ಒತ್ತಡದ ಸುದ್ದಿಯೂ ಅವನಿಗೆ ಸಿಕ್ಕಿದ್ದು ಗಿಡಗಳ ಲೋಕದಿಂದ. ಆಮ್‌ಸ್ಟರ್‌ಡ್ಯಾಮಿನ ಬೀದಿಯಲ್ಲಿ ಎದುರಾದ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್, ವಿಲ್ಹೆಲ್ಮ್ ಫೆಫರ್ ಎಂಬ ಇನ್ನೊಬ್ಬ ಸಸ್ಯವಿಜ್ಞಾನಿ ಸಕ್ಕರೆ ನೀರಿನ ಒತ್ತಡವನ್ನು ಅಳೆದಿದ್ದಾನೆಂದು ಹೇಳಿದ. ಆ ಅಂಕಿಗಳನ್ನು ನೋಡಿದ ವಾಂಟ್ ಹಾಫನಿಗೆ, ನೀರಿನಲ್ಲಿ ಕರಗಿದ ಸಕ್ಕರೆಯ ಕಣಗಳು ಗಾಳಿಯ ಅಣುಗಳ ನಿಯಮವನ್ನೇ ಪಾಲಿಸುತ್ತಿವೆ ಎಂಬುದು ಕಂಡಿತು.

ಅವನ ಸೂತ್ರಕ್ಕೆ ತಿಕೋಟಾದ ಅಂಕಿ ಹಾಕಿ ನೋಡೋಣ. ಮಾಗಿದ ದ್ರಾಕ್ಷಿಯ ರಸದಲ್ಲಿ ಲೀಟರಿಗೆ ಸುಮಾರು 220 ಗ್ರಾಂ ಸಕ್ಕರೆ. ಮಾರ್ಚಿನ ಬಿಸಿಲಿನ 30 ಡಿಗ್ರಿಯಲ್ಲಿ ಇದರ ಪರಾಸರಣ ಒತ್ತಡ ಸುಮಾರು 30 ವಾಯುಭಾರ. ಕಾರಿನ ಟೈರಿಗೆ ತುಂಬುವ ಗಾಳಿಯ ಒತ್ತಡ ಸುಮಾರು 2 ವಾಯುಭಾರ. ಅದರ ಹದಿನೈದು ಪಟ್ಟು ಬಲದಿಂದ ನೀರನ್ನು ಒಳಗೆಳೆಯಲು ಒಂದು ಪುಟ್ಟ ಕಾಯಿ ಕಾದು ಕುಳಿತಿದೆ ಎಂದಾಯಿತು. ಮಾಗಿದ ಗೊಂಚಲಿನ ಮೇಲೆ ಅಕಾಲಿಕ ಮಳೆ ಬಿದ್ದ ಮರುದಿನ ಕಾಯಿಗಳು ಬಿರಿದು ನಿಲ್ಲುವುದು ಇದೇ ಕಾರಣಕ್ಕೆ. ಸಿಪ್ಪೆಯ ಮೇಲೆ ನಿಂತ ಮಳೆನೀರು ಒಳಗೆ ಇಳಿಯುತ್ತದೆ, ಕಾಯಿ ಉಬ್ಬುತ್ತದೆ, ಸಿಪ್ಪೆ ಸೋಲುತ್ತದೆ. ಎಷ್ಟು ಸಿಹಿಯೋ ಅಷ್ಟು ಅಪಾಯ. ಬ್ರಿಕ್ಸ್ 12 ಇದ್ದಾಗ ಬಿದ್ದ ಮಳೆಯನ್ನು ತಾಳಿಕೊಂಡ ಪಡ, 22 ಇದ್ದಾಗ ಅಷ್ಟೇ ಮಳೆಗೆ ಹಾಳಾಗಬಹುದು. ಅದೇ ಒತ್ತಡ ಒಣಗಿದ ಮೇಲೆ ಕಾವಲುಗಾರನಾಗುತ್ತದೆ. ನೀರಿನಂಶ ನೂರಕ್ಕೆ 15ಕ್ಕೆ ಇಳಿದ ಮನೂಕದಲ್ಲಿ ಸಕ್ಕರೆ ಎಷ್ಟು ಗಟ್ಟಿಯಾಗಿರುತ್ತದೆಂದರೆ, ಮೇಲೆ ಕೂತ ಬೂಷ್ಟಿಗೆ ತನ್ನ ಪಾಲಿನ ನೀರನ್ನು ಎಳೆದುಕೊಳ್ಳಲು ಆಗುವುದಿಲ್ಲ.

ಇನ್ನು ಎಲೆಯ ವಿಷಯ. ತಿಕೋಟಾ ಭಾಗದ ಎರಿ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಹೊಸ ಚಿಗುರು ಬರುವ ಹೊತ್ತಿಗೆ ಗೊಬ್ಬರದಂಗಡಿಯಲ್ಲಿ ಈ ಮಾತು ಕೇಳಿಸುತ್ತದೆ.

'ಸಾವ್ಕಾರ್ರ, ಚಿಗುರೆಲಿ ಹಳದಿ ಹೊಂಟಾವ್ರೀ, ಏನ್ ಕೊಡ್ತೀರಿ?'

'ಫೆರಸ್ ಕಡಿಮಿ ಆಗೈತ್ರೀ ಕಾಕಾ. ಡ್ರಿಪ್‌ನ್ಯಾಗ ಚೀಲೇಟ್ ಬಿಡ್ರಿ.'

ಈ ಸಂಭಾಷಣೆಯ ಹಿಂದೆ ಎರಡು ನೊಬೆಲ್‌ಗಳಿವೆ, 1913ರದು ಮತ್ತು 1915ರದು. ಎಲೆಯ ಹಸಿರನ್ನು ಬೇರ್ಪಡಿಸಿ ಅದರ ರಸಾಯನವನ್ನು ಬಿಡಿಸಿದವನು ರಿಚರ್ಡ್ ವಿಲ್‌ಸ್ಟೇಟರ್. ಇನ್ನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಎಲೆ ಅರೆದು, ಎಲ್ಲದರಲ್ಲೂ ಇರುವುದು ಒಂದೇ ಹರಿತ್ತು, ಅದರ ಅಣುವಿನಲ್ಲಿ ಮೆಗ್ನೀಸಿಯಂ ಇದೆ, ಅದು ಕೊಳೆಯಿಂದ ಸೇರಿದ್ದಲ್ಲ ಎಂದು ತೋರಿಸಿದ. ಕಬ್ಬಿಣ ಹರಿತ್ತಿನ ಅಣುವಿನೊಳಗೆ ಇಲ್ಲ, ಆದರೆ ಅದಿಲ್ಲದೆ ಗಿಡ ಹರಿತ್ತನ್ನು ತಯಾರಿಸಲಾರದು. ಆದ್ದರಿಂದ ಹಳದಿ ಕಂಡ ಕೂಡಲೇ ಅಂಗಡಿಗೆ ಓಡುವ ಮೊದಲು ಯಾವ ಎಲೆ ಎಂದು ನೋಡಬೇಕು. ತುದಿಯ ಚಿಗುರೆಲೆ ಹಳದಿಯಾಗಿ ನರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಬುಡದ ಹಳೆಯ ಎಲೆಯ ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಂ ಕೊರತೆ, ಏಕೆಂದರೆ ಗಿಡ ಮೆಗ್ನೀಸಿಯಂ ಅನ್ನು ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಸಾಗಿಸಬಲ್ಲದು, ಕಬ್ಬಿಣವನ್ನು ಹಾಗೆ ಸಾಗಿಸಲು ಅದಕ್ಕೆ ಬಾರದು.

ವಿಲ್‌ಸ್ಟೇಟರ್ ಹೂವು ಹಣ್ಣಿನ ಕೆಂಪು ನೀಲಿಗಳನ್ನೂ ಬಿಡಲಿಲ್ಲ. ಕಪ್ಪು ದ್ರಾಕ್ಷಿಯ ಸಿಪ್ಪೆಯಿಂದ ಈನಿನ್ ಎಂಬ ಬಣ್ಣವನ್ನು ಹರಳಾಗಿ ತೆಗೆದ. ನಮ್ಮ ಶರದ್ ಸೀಡ್‌ಲೆಸ್ ದ್ರಾಕ್ಷಿಯ ಕಪ್ಪಿನ ಹಿಂದಿರುವುದೂ ಆ ಕುಟುಂಬದ ಬಣ್ಣಗಳೇ.

ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಅದು ತುಕ್ಕಿನ ರೂಪದಲ್ಲಿ ಬೇಕಾದಷ್ಟಿದೆ. ಸುಣ್ಣದ ಮಣ್ಣಿನಲ್ಲಿ ಅದು ಕರಗುವುದಿಲ್ಲ, ಅಷ್ಟೇ. ಕರಗಿಸಿ ಬೇರಿನವರೆಗೆ ಒಯ್ಯಲು ಲೋಹದ ಅಯಾನನ್ನು ಸುತ್ತಲಿಂದ ಹಿಡಿದುಕೊಳ್ಳುವ ಅಣು ಬೇಕು. ಲೋಹದ ಸುತ್ತ ಬೇರೆ ಅಣುಗಳು ನಾಲ್ಕು ಅಥವಾ ಆರು ನಿಶ್ಚಿತ ದಿಕ್ಕಿನಿಂದ ಬಂದು ಕೂರುತ್ತವೆ ಎಂದು 1893ರಲ್ಲಿ ಸಾರಿದವನು ಆಲ್‌ಫ್ರೆಡ್ ವರ್ನರ್. ಆಗ ಅವನ ವಯಸ್ಸು 26. ವಿಚಾರ ನಿದ್ದೆಯಲ್ಲಿ ಹೊಳೆದು, ರಾತ್ರಿ ಎರಡಕ್ಕೆದ್ದು ಸಂಜೆಯವರೆಗೆ ಬರೆದು ಮುಗಿಸಿದ ಎಂಬ ಕಥೆಯಿದೆ. ನಿದ್ದೆಯ ಕಥೆಗಳನ್ನು ರಸಾಯನ ವಿಜ್ಞಾನಿಗಳು ತುಸು ಹೆಚ್ಚೇ ಹೇಳುತ್ತಾರೆ. ಕಥೆ ಏನೇ ಇರಲಿ, ಅದನ್ನು ಪ್ರಯೋಗದಿಂದ ಸಾಧಿಸಲು ಝೂರಿಕ್‌ನಲ್ಲಿ ಇಪ್ಪತ್ತು ವರ್ಷ ಎಚ್ಚರದಲ್ಲೇ ದುಡಿದ.

ಚೀಲೇಟ್ ಅಂದರೆ ವರ್ನರನ ಆ ಹಿಡಿತವೇ. ಇಲ್ಲೊಂದು ಕಾಸಿನ ವಿಚಾರವಿದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಇಡಿಟಿಎ ಕಬ್ಬಿಣವು ಮಣ್ಣಿನ ಪಿಎಚ್ 6.5 ದಾಟಿದರೆ ಸಡಿಲವಾಗತೊಡಗುತ್ತದೆ. ಸುಣ್ಣದ ಕ್ಯಾಲ್ಸಿಯಂ ಬಂದು ಕಬ್ಬಿಣವನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ, ಕಬ್ಬಿಣ ಮತ್ತೆ ತುಕ್ಕಾಗುತ್ತದೆ. ಇಡಿಡಿಎಚ್‌ಎ ಎಂಬ ದುಬಾರಿ ಚೀಲೇಟ್ ಪಿಎಚ್ 9ರವರೆಗೂ ಹಿಡಿತ ಬಿಡುವುದಿಲ್ಲ. ನಮ್ಮ ಎರಿಯ ಪಿಎಚ್ ಸಾಮಾನ್ಯವಾಗಿ 8ರ ಆಚೀಚೆ. ಅಂದಮೇಲೆ ಡ್ರಿಪ್‌ನಲ್ಲಿ ಇಡಿಟಿಎ ಕಬ್ಬಿಣ ಬಿಡುವುದೆಂದರೆ ಬಹುಪಾಲು ದುಡ್ಡನ್ನು ಮಣ್ಣಿಗೆ ಸುರಿದಂತೆ. ಅದನ್ನು ಎಲೆಯ ಮೇಲೆ ಸಿಂಪಡಿಸಿದರೆ ಉಪಯೋಗವುಂಟು. ಅಗ್ಗದ ಡಬ್ಬಿ, ದುಬಾರಿ ಡಬ್ಬಿ ಎರಡರ ಮೇಲೂ ದೊಡ್ಡಕ್ಷರದಲ್ಲಿ ಬರೆದಿರುವುದು ಚೀಲೇಟ್ ಎಂದೇ. ಸಣ್ಣಕ್ಷರ ಓದಬೇಕು.

ಡ್ರಿಪ್‌ನ ಟ್ಯಾಂಕಿಗೆ ಬೀಳುವ ಬಿಳಿ ಚೀಲಗಳ ಕಥೆ ಇಷ್ಟು ಸೌಮ್ಯವಲ್ಲ. 12:61:0 ಇರಲಿ, 13:0:45 ಇರಲಿ, ಯೂರಿಯಾ ಇರಲಿ, ಅವುಗಳ ಸಾರಜನಕ ಬಂದದ್ದು ಗಾಳಿಯಿಂದ, ಫ್ರಿಟ್ಸ್ ಹಾಬರ್ ತೋರಿಸಿದ ದಾರಿಯಿಂದ. 1909ರ ಜುಲೈನಲ್ಲಿ ಕಾರ್ಲ್ಸ್‌ರೂಹೆಯ ಪ್ರಯೋಗಾಲಯದಲ್ಲಿ ಬಿಎಎಸ್‌ಎಫ್ ಕಂಪನಿಯವರೆದುರು ಹಾಬರನ ಯಂತ್ರ ಅಮೋನಿಯಾವನ್ನು ಹನಿಹನಿಯಾಗಿ ಇಳಿಸಿತು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಗಾತ್ರಕ್ಕೆ ಬೆಳೆಸಿದ. 1913ರಲ್ಲಿ ಓಪ್ಪಾವ್‌ನಲ್ಲಿ ಉತ್ಪಾದನೆ ಶುರುವಾಯಿತು. ಆ ಅಮೋನಿಯಾವನ್ನು ಕಾದ ಪ್ಲಾಟಿನಂ ಮೇಲೆ ಹಾಯಿಸಿ ನೈಟ್ರಿಕ್ ಆಮ್ಲ ಮಾಡುವ ದಾರಿ ಹಾಕಿದ್ದವನು 1909ರ ವಿಜೇತ ವಿಲ್ಹೆಲ್ಮ್ ಓಸ್ಟ್‌ವಾಲ್ಡ್. 13:0:45 ಚೀಲದ ನೈಟ್ರೇಟ್ ಅವನ ಬಳುವಳಿ.

ಅದೇ ನೈಟ್ರಿಕ್ ಆಮ್ಲದಿಂದ ಮದ್ದುಗುಂಡೂ ಆಗುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟಾಗ ಅದರ ಉಸ್ತುವಾರಿ ಹೊತ್ತವನೂ ಹಾಬರನೇ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಅವನ ಹೆಂಡತಿ ಕ್ಲಾರಾ ಇಮರ್‌ವಾರ್ ಹತ್ತೇ ದಿನಗಳಲ್ಲಿ ಗುಂಡು ಹಾರಿಸಿಕೊಂಡು ತೀರಿಕೊಂಡಳು. 1918ರ ನೊಬೆಲ್ ಹಾಬರನಿಗೆ ಹೋದಾಗ ಫ್ರಾನ್ಸಿನ ವಿಜ್ಞಾನಿಗಳು ಸಿಟ್ಟಾದದ್ದು ಸಹಜ. ಅತ್ತ ಅನಿಲಕ್ಕೆ ಅಡ್ಡಲಾಗಿ ಸೈನಿಕರ ಮುಖವಾಡದ ಸೋಸುಪದರ ರೂಪಿಸಿಕೊಟ್ಟವನು ಎಲೆಯ ಹಸಿರಿನ ವಿಲ್‌ಸ್ಟೇಟರ್, ಹಾಬರನ ಆಪ್ತ ಗೆಳೆಯ. ಇಬ್ಬರೂ ಯಹೂದಿ ಮೂಲದವರು. ಹಾಬರ್ 1933ರಲ್ಲಿ ಜರ್ಮನಿ ತೊರೆದು ಮರುವರ್ಷ ಬಾಸೆಲ್‌ನಲ್ಲಿ ಸತ್ತ. ವಿಲ್‌ಸ್ಟೇಟರ್ 1939ರಲ್ಲಿ ಸ್ವಿಟ್ಜರ್ಲೆಂಡಿಗೆ ಪಾರಾದ. ಹಾಬರನ ಬಗ್ಗೆ ಒಂದೇ ಸಾಲಿನ ತೀರ್ಪು ಕೊಡುವವರನ್ನು ಕಂಡರೆ ನನಗೆ ಅನುಮಾನ. ಅವನ ಅಮೋನಿಯಾ ಇಲ್ಲದೆ ಈ ಜಿಲ್ಲೆಯ ಜೋಳದ ಹೊಲವೂ ಇಂದಿನಂತೆ ಇರುತ್ತಿರಲಿಲ್ಲ, ಈಪ್ರ್ ಕಂದಕದಲ್ಲಿ ಉಸಿರುಗಟ್ಟಿದವರೂ ಕಟ್ಟುಕಥೆಯಲ್ಲ.

ಪಡದಲ್ಲಿ ದುಡಿಯುವ ಎಲ್ಲ ರಸಾಯನಕ್ಕೂ ಪ್ರಶಸ್ತಿ ಬಂದಿಲ್ಲ. ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ 1885ರದು. ರಸ್ತೆಬದಿಯ ಬಳ್ಳಿಗಳ ಹಣ್ಣನ್ನು ದಾರಿಹೋಕರು ಕದಿಯದಿರಲೆಂದು ಬೋರ್ಡೋ ಪ್ರಾಂತ್ಯದ ರೈತರು ಬಳಿದಿದ್ದ ನೀಲಿ ಸುಣ್ಣ, ಆ ಬಳ್ಳಿಗಳನ್ನಷ್ಟೇ ಡೌನಿ ರೋಗದಿಂದ ಕಾಪಾಡಿದ್ದನ್ನು ಪಿಯರ್ ಮಿಲ್ಯಾರ್ಡೆ ಗಮನಿಸಿದ. ಕಾಯಿ ಉಬ್ಬಿಸಲು ಬಳಸುವ ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲ, ಭತ್ತದ ಪೈರನ್ನು ಬಡಕಲಾಗಿ ಉದ್ದ ಬೆಳೆಸುವ ಶಿಲೀಂಧ್ರ ರೋಗದಿಂದ ಬಂದದ್ದು. ಶುರು ಮಾಡಿದವನು 1926ರಲ್ಲಿ ಜಪಾನಿನ ಏಯಿಚಿ ಕುರೊಸಾವಾ. ಬೀಜವೇ ಇಲ್ಲದ ಥಾಮ್ಸನ್ ತಳಿಯಲ್ಲಿ, ಬೀಜ ಒದಗಿಸಬೇಕಿದ್ದ ಹಾರ್ಮೋನನ್ನು ಡಬ್ಬಿಯಿಂದ ಕೊಡಬೇಕಾಗುತ್ತದೆ. ಮಿಲ್ಯಾರ್ಡೆ, ಕುರೊಸಾವಾ ಇಬ್ಬರಿಗೂ ನೊಬೆಲ್ ಇಲ್ಲ.

ಶೆಡ್ಡಿಗೆ ಬರೋಣ. ಕೊಯ್ದ ದ್ರಾಕ್ಷಿಯನ್ನು ಹಾಗೇ ಒಣಹಾಕಿದರೆ ನಾಲ್ಕೈದು ವಾರ ಬೇಕು, ಅಷ್ಟರಲ್ಲಿ ಕಂದು ತಿರುಗುತ್ತದೆ. ಕಾಯಿಯ ಮೇಲಿನ ಬಿಳಿ ಮಸುಕು ಮೇಣದ ಸಣ್ಣ ಸಣ್ಣ ಬಿಲ್ಲೆಗಳ ಪದರ, ನೀರು ಹೊರಹೋಗಲು ಅದೇ ಅಡ್ಡಿ. ಅದಕ್ಕೇ 100 ಲೀಟರ್ ನೀರಿಗೆ ಸುಮಾರು 2.5 ಕೆ.ಜಿ. ಪೊಟ್ಯಾಸಿಯಂ ಕಾರ್ಬೋನೇಟ್ ಪುಡಿ, ಒಂದೂವರೆ ಲೀಟರ್ ಡಿಪಿಂಗ್ ಆಯಿಲ್ ಕಲಸಿ, ಕ್ರೇಟ್ ಸಮೇತ ಎರಡರಿಂದ ನಾಲ್ಕು ನಿಮಿಷ ಮುಳುಗಿಸಿ ರ‍್ಯಾಕಿಗೆ ಹರಡುತ್ತಾರೆ. ಎರಡು ವಾರದ ಆಸುಪಾಸಿನಲ್ಲಿ ಮನೂಕ ಸಿದ್ಧ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಕೃಷಿ ಲೇಖಕ ಕೊಲುಮೆಲ್ಲಾ ಇದನ್ನೇ ಬೂದಿನೀರು ಮತ್ತು ಎಣ್ಣೆಯಲ್ಲಿ ಮಾಡಲು ಹೇಳಿದ್ದ. ಬೂದಿಯಲ್ಲಿರುವುದೂ ಪೊಟ್ಯಾಸಿಯಂ ಕಾರ್ಬೋನೇಟೇ.

ಆ ಪುಡಿ ನೀರಿಗೆ ಬಿದ್ದಾಗ ಏನಾಗುತ್ತದೆ ಎಂದು ಹೇಳಿದವನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. ಲವಣ ನೀರಿನಲ್ಲಿ ವಿದ್ಯುದಂಶದ ತುಣುಕುಗಳಾಗಿ ಒಡೆಯುತ್ತದೆ ಎಂದು 1884ರ ಪ್ರಬಂಧದಲ್ಲಿ ವಾದಿಸಿದ. ಉಪ್ಸಾಲಾದ ಪ್ರೊಫೆಸರುಗಳು ಪಾಸಾಗಲಷ್ಟೇ ಸಾಕಾಗುವ ದರ್ಜೆ ಕೊಟ್ಟು ಕಳಿಸಿದರು. ಹತ್ತೊಂಬತ್ತು ವರ್ಷದ ನಂತರ ಅದೇ ವಿಚಾರಕ್ಕೆ ನೊಬೆಲ್ ಬಂತು. ಒಡೆದ ಕಾರ್ಬೋನೇಟ್ ತುಣುಕುಗಳು ನೀರನ್ನು ಕ್ಷಾರವಾಗಿಸುತ್ತವೆ, ಎಣ್ಣೆಯ ಜೊತೆಗೂಡಿ ಮೇಣದ ಬಿಲ್ಲೆಗಳ ಕಟ್ಟು ಸಡಿಲಿಸುತ್ತವೆ. ಪುಡಿ ಜಾಸ್ತಿಯಾದರೆ ಸಿಪ್ಪೆ ಸುಡುತ್ತದೆ, ಕಡಿಮೆಯಾದರೆ ಕಾಯಿ ಬೇಗ ಒಣಗದು. ಅಳತೆಯ ತಕ್ಕಡಿಯನ್ನು ಶೆಡ್ಡಿನಲ್ಲಿ ಇಟ್ಟುಕೊಳ್ಳದೆ ಅಂದಾಜಿನಲ್ಲಿ ಸುರಿಯುವವರು ಇದನ್ನು ಪ್ರತಿ ಹಂಗಾಮಿನಲ್ಲೂ ಹೊಸದಾಗಿ ಕಲಿಯುತ್ತಾರೆ.

ಒಣಗುವಾಗ ಮೋಡ ಕವಿದರೆ ಶೆಡ್ಡಿನಲ್ಲಿ ಹುಳಿವಾಸನೆ ಏಳುತ್ತದೆ. ಒಡೆದ ಕಾಯಿಯ ಸಕ್ಕರೆಯನ್ನು ಯೀಸ್ಟ್ ಮದ್ಯವಾಗಿಸುತ್ತಿದೆ ಎಂದರ್ಥ. ಇದಕ್ಕೆ ಜೀವಂತ ಯೀಸ್ಟೇ ಬೇಕು ಎಂದು ಪಾಸ್ಚರ್ ಹಟ ಹಿಡಿದಿದ್ದ. ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ಜೀವಕೋಶವಿಲ್ಲದ ರಸ ತೆಗೆದ. ಆ ರಸ ಕೆಡದಿರಲೆಂದು ಸಕ್ಕರೆ ಹಾಕಿಟ್ಟರೆ ಅದು ನೊರೆಯೆದ್ದು ಹುದುಗತೊಡಗಿತು. ಹುದುಗಿಸುವುದು ಜೀವವಲ್ಲ, ಕಿಣ್ವ ಎಂಬ 1897ರ ಆ ಶೋಧಕ್ಕೆ 1907ರಲ್ಲಿ ನೊಬೆಲ್ ಬಂದಾಗ ಅವನು ಬರ್ಲಿನ್ನಿನ ಕೃಷಿ ಕಾಲೇಜಿನ ಪ್ರಾಧ್ಯಾಪಕ. ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿನ ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಬಹುದು. ಕೊಯ್ದ ದ್ರಾಕ್ಷಿಯೊಳಗೂ ಕಿಣ್ವಗಳು ದುಡಿಯುತ್ತಲೇ ಇರುತ್ತವೆ. ಅವುಗಳಲ್ಲೊಂದು ಗಾಳಿ ತಗುಲಿದೊಡನೆ ಕಾಯಿಯನ್ನು ಕಂದಾಗಿಸುತ್ತದೆ. ಹೊಂಬಣ್ಣಕ್ಕಾಗಿ ಗಂಧಕದ ಹೊಗೆ ಹಾಕುವುದು ಈ ಕಿಣ್ವವನ್ನು ಕಟ್ಟಿಹಾಕಲು. ಹೊಗೆ ಮಿತಿ ಮೀರಿದರೆ ಮನೂಕದಲ್ಲೂ ಉಳಿಯುತ್ತದೆ, ಉಬ್ಬಸವಿರುವವರಿಗೆ ಅದು ಒಳ್ಳೆಯದಲ್ಲ. ಶೆಡ್ಡಿನಲ್ಲಿ ಕೂತು ಮನೂಕ ಆರಿಸುವ ಹೆಣ್ಣುಮಕ್ಕಳ ಗಂಟಲಿಗೂ ಒಳ್ಳೆಯದಲ್ಲ. 'ರಾಸಾಯನಿಕ' ಎಂದೊಡನೆ ಮೂಗು ಮುರಿಯುವ ಪೇಟೆಯ ಗಿರಾಕಿಯೇ ಅಂಗಡಿಯಲ್ಲಿ ಕಂದು ಮನೂಕ ಬಿಟ್ಟು ಹೊಳೆಯುವ ಹಳದಿಗೆ ಕೈ ಚಾಚುತ್ತಾನೆ ಎಂಬುದನ್ನೂ ಹೇಳಬೇಕು.

ಅರೇನಿಯಸ್ ಇನ್ನೆರಡು ಲೆಕ್ಕ ಬಿಟ್ಟುಹೋಗಿದ್ದಾನೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿಯ ತಾಪ 5ರಿಂದ 6 ಡಿಗ್ರಿ ಏರುತ್ತದೆ ಎಂದು 1896ರಲ್ಲಿ ಕೈಬರಹದಲ್ಲೇ ಲೆಕ್ಕ ಹಾಕಿದ. ಚಳಿ ದೇಶದವನಾದ್ದರಿಂದ ಅದು ಒಳ್ಳೆಯದೇ ಎಂದುಕೊಂಡಿದ್ದ. ಹವೆ ಏರುಪೇರಾದರೆ ನಮಗೆ ಮಾತ್ರ ಒಳ್ಳೆಯದಲ್ಲ, ಏಕೆಂದರೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯ ನಮ್ಮ ಒಣನಾಡಿನಲ್ಲಿ ದ್ರಾಕ್ಷಿಯವರ ಬದುಕು ನಿಂತಿರುವುದು ಬಾರದ ಹೊತ್ತಿನಲ್ಲಿ ಮಳೆ ಬಾರದಿರುವುದರ ಮೇಲೆ.

ಇನ್ನೊಂದು ಲೆಕ್ಕ 1889ರದು. ತಾಪ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗ ಎಷ್ಟು ಏರುತ್ತದೆ ಎಂಬುದು. ಸ್ಥೂಲವಾಗಿ, 10 ಡಿಗ್ರಿ ಇಳಿಸಿದರೆ ವೇಗ ಅರ್ಧಕ್ಕಿಳಿಯುತ್ತದೆ. 40 ಡಿಗ್ರಿಯ ಗೋದಾಮಿನಲ್ಲಿ ಒಂದು ತಿಂಗಳಿಗೆ ಕಂದಾಗುವ ಹಸಿರು ಮನೂಕ, 5 ಡಿಗ್ರಿಯ ಕೋಲ್ಡ್ ಸ್ಟೋರೇಜಿನಲ್ಲಿ ಅದೇ ಬಣ್ಣಕ್ಕೆ ಬರಲು ಹನ್ನೊಂದು ತಿಂಗಳ ಹತ್ತಿರ ತೆಗೆದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ತಾಸಗಾವ, ಸಾಂಗ್ಲಿ, ವಿಜಯಪುರದ ಮಾರುಕಟ್ಟೆಗೆ ಒಮ್ಮೆಲೇ ಮಾಲು ನುಗ್ಗಿ ದರ ಬಿದ್ದಾಗ, ಬಾಡಿಗೆ ಕೊಟ್ಟು ಚೀಲಗಳನ್ನು ತಂಪಿಗಿಟ್ಟು ಶ್ರಾವಣ, ದೀಪಾವಳಿಯ ದರಕ್ಕೆ ಕಾಯಬಲ್ಲ ರೈತನ ಲಾಭ ಈ ಸೂತ್ರದೊಳಗಿದೆ. ಸಾಲದ ಕಂತು ಮೇ ತಿಂಗಳಿಗೇ ಇದ್ದವನಿಗೆ ಸೂತ್ರ ಗೊತ್ತಿದ್ದೂ ಕಾಯಲು ಆಗುವುದಿಲ್ಲ.